ಸಡಿಲ ಹೆಣಿಗೆ

ಹೊಲಿಗೆಯ ತರಗತಿಯಲ್ಲಿ ಕ್ರೋಶಾ ಕಡ್ಡಿಯನ್ನು ಮೊದಲಾಗಿ ಹಿಡಿದ ಹುಡುಗಿಯರು ಸಾಮಾನ್ಯವಾಗಿ ನೂಲನ್ನು ಬಿಗಿದೆಳೆಯುವರು. ಬಿಗಿಯಾದಷ್ಟೂ ಕೆಲಸ ಗಟ್ಟಿಯೆಂಬುದು ಅವರ ಎಣಿಕೆ. ಆದರೆ ಹಾಗೆ ಹೆಣೆದ ಸರಪಳಿಯ ಕುಣಿಕೆಗಳಲ್ಲಿ ಕಡ್ಡಿಯು ಮರಳಿ ತೂರದು. ಅಂಚು ಬಿಲ್ಲಿನಂತೆ ಬಾಗುವುದು. ಆಗ ನಾವು ಗದರಿಸದೆ, ಮೊದಲ ಸರಪಳಿಗೆ ಮಾತ್ರ ಒಂದು ಅಳತೆ ದಪ್ಪನೆಯ ಕಡ್ಡಿಯನ್ನು ಕೊಡುತ್ತೇವೆ. ಕುಣಿಕೆಗಳು ತಾವಾಗಿ ಸಡಿಲುವುವು.

ಸಡಿಲ ಹೆಣಿಗೆಗೆ ಬಿಗಿ ಹೆಣಿಗೆಗಿಂತಲೂ ಹೆಚ್ಚಿನ ಎಚ್ಚರ ಬೇಕು. ಒಂದು ಕಂಬ, ಎರಡು ಸರಪಳಿ. ಕೆಳಗಿನ ಎರಡು ಕುಣಿಕೆಗಳನ್ನು ಬಿಟ್ಟು ಮತ್ತೊಂದು ಕಂಬ: ಇಷ್ಟಾದರೆ ಒಂದು ಕಿಟಿಕಿ. ಕೆಲವು ಕಿಟಿಕಿಗಳನ್ನು ಕಂಬಗಳಿಂದ ತುಂಬಿದರೆ ಹೂವೋ ಹಕ್ಕಿಯೋ ಮೂಡುವುದು. ಬರಿದೆ ಬಿಟ್ಟ ಕಿಟಿಕಿಗಳು ಸಮವಾಗಿಲ್ಲದಿದ್ದರೆ ಹಕ್ಕಿಯ ಕೊರಳು ಸೊಟ್ಟಾಗುವುದು. ಮುಗಿದ ಮೇಲೆ ತಿಳಿಗಂಜಿಯಲ್ಲಿ ಅದ್ದಿ, ಹರವಿ, ಗುಂಡುಸೂಜಿ ಚುಚ್ಚಿ ಒಣಗಿಸಬೇಕು. ಕೊನೆಯ ಕುಣಿಕೆಯಲ್ಲಿ ನೂಲಿನ ತುದಿಯನ್ನು ತೂರಿಸಿ ಬಿಗಿಯದಿದ್ದರೆ, ತಿಂಗಳ ಶ್ರಮವೆಲ್ಲ ಕೂಸೊಂದು ಎಳೆದರೆ ಬಿಚ್ಚಿಹೋಗುವುದು.

“ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಲೇಸನ್ನು ಹುಡುಗಿಯರೇಕೆ ಹೆಣೆಯಬೇಕು, ಟೀಚರಮ್ಮಾ?” ಎಂದು ತಾಯಂದಿರು ನಮ್ಮನ್ನು ಕೇಳುವುದುಂಟು. ಅವರಿಗೆ ನಾವು ಐರ್ಲೆಂಡಿನ ಸಂಗತಿಯನ್ನು ಹೇಳುತ್ತೇವೆ. 1845ರಿಂದ ಅಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರ ಕ್ಷಾಮ ಬಂದಿತು. 1847ರಲ್ಲಿ ಕ್ಲೋನಿಸ್ ಎಂಬ ಊರಿನ ಪಾದ್ರಿಯವರ ಪತ್ನಿ ಕಸಾಂಡ್ರಾ ಹ್ಯಾಂಡರು ಬಡ ಹೆಂಗಸರಿಗೆ ಈ ವಿದ್ಯೆಯನ್ನು ಕಲಿಸುವ ಏರ್ಪಾಟು ಮಾಡಿದರು. ಒಂದು ಕಡ್ಡಿಯೂ ಒಂದು ಉಂಡೆ ನೂಲೂ ಎಷ್ಟೋ ಮನೆಗಳ ಒಲೆಯನ್ನು ಉರಿಸಿದುವು.

ಆದರೆ ಕೈ ಕಲಿತಮಾತ್ರಕ್ಕೆ ಹೊಟ್ಟೆ ತುಂಬದು. ನಮ್ಮ ನೆರೆಯ ಆಂಧ್ರದ ನರಸಾಪುರದಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳು ಈ ಲೇಸನ್ನು ಕಲಿಸಿದರು. ಅದು ಕಡಲಾಚೆಗೂ ಮಾರಾಟವಾಯಿತು. ಆ ಹೆಂಗಸರ ವಿಷಯವಾಗಿ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡುದೇನೆಂದರೆ: ಹೆಣೆಯುವವರನ್ನು ಕೆಲಸಗಾರರೆಂದೇ ಎಣಿಸದೆ, ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರೆಂದು ತಿಳಿದು, ಅತ್ಯಲ್ಪ ಕೂಲಿಯನ್ನು ಕೊಡಲಾಗುತ್ತಿದ್ದಿತು; ಲಾಭವು ವ್ಯಾಪಾರಿಗಳ ಪಾಲಾಗುತ್ತಿದ್ದಿತು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡು ತಿಂಗಳು ಹೆಣೆದ ಮೇಜುವಸ್ತ್ರವನ್ನು ಅಂಗಡಿಗೆ ಒಯ್ದಾಗ, “ಮನೆಯಲ್ಲಿ ಸುಮ್ಮನೆ ಕುಳಿತು ಮಾಡಿದ್ದಲ್ಲವೇನಮ್ಮಾ?” ಎಂದು ಹೇಳಿ, ನೂಲಿನ ಕ್ರಯಕ್ಕಿಂತ ತುಸುವೇ ಹೆಚ್ಚು ಕೊಟ್ಟರಂತೆ. ಅವಳು ಅದನ್ನು ನಗುತ್ತಲೇ ನಮಗೆ ಹೇಳಿದಳು. ನಮಗೆ ನಗು ಬರಲಿಲ್ಲ.

ಅಂದಿನಿಂದ ನಮ್ಮ ಹೊಲಿಗೆಯ ತರಗತಿಯಲ್ಲಿ ಪ್ರತಿಯೊಬ್ಬ ಹುಡುಗಿಯೂ ಒಂದು ಕಾಪಿ ಪುಸ್ತಕವನ್ನು ಇಡುತ್ತಾಳೆ. ಒಂದು ಪುಟದಲ್ಲಿ ನಮೂನೆ. ಎದುರು ಪುಟದಲ್ಲಿ ನೂಲಿನ ಬೆಲೆ, ಹೆಣೆದ ಗಂಟೆಗಳು, ತನಗೆ ಸಲ್ಲಬೇಕಾದ ಕೂಲಿ. ಪ್ರಿಯ ವಿದ್ಯಾರ್ಥಿನಿಯರೇ, ಶಾಲೆಯನ್ನು ಬಿಟ್ಟುಹೋಗುವಾಗ ನೀವು ಕಡ್ಡಿಯೊಡನೆ ಆ ಪುಸ್ತಕವನ್ನೂ ತಪ್ಪದೆ ಕೊಂಡುಹೋಗಿರಿ.