ಗುಮ್ಮಟದ ಗೋಡೆಯ ಮೇಲೆ ನನ್ನ ಹೆಸರು

ನಮ್ಮ ಮನೆ ಇರುವುದು ಕಲಬುರಗಿಯ ಜಗತ್ ಪ್ರದೇಶದಲ್ಲಿ. ‘ಎಲ್ಲಿರ್ತೀರಿ?’ ಎಂದು ಪರವೂರಿನವರು ಕೇಳಿದಾಗ ‘ಜಗತ್‌ನಾಗ’ ಎಂದರೆ ಅವರು ನಗುತ್ತಾರೆ. ಜಗತ್‌ನಲ್ಲೇ ಇದ್ದರೂ ನನ್ನ ಮಗಳಿಗೆ ಜಗತ್ತಿನಲ್ಲಿ ಏನನ್ನೂ ತೋರಿಸಿಲ್ಲ ಎಂಬುದು ನನ್ನ ಹೆಂಡತಿಯ ಹಳೆಯ ದೂರು. ಶಾಲೆಯಿಂದ ಹಂಪಿಗೆ ಪ್ರವಾಸ ಹೊರಟಾಗ ಕೈಯಲ್ಲಿ ದುಡ್ಡಿರಲಿಲ್ಲ. ಹಾಗೆಂದು ಹೇಳಲು ನಾಚಿಕೆಯಾಗಿ, ‘ಬಿಸಿಲು ಜಾಸ್ತಿ ಅದ, ಮುಂದಿನ ವರ್ಷ ಹೋಗುವಿಯಂತೆ’ ಎಂದಿದ್ದೆ. ಕಲಬುರಗಿಯ ಹುಡುಗಿಗೆ ಬಿಸಿಲಿನ ನೆಪ! ಅವಳು ಏನೂ ಮಾತಾಡಲಿಲ್ಲ.

ಪ್ರವಾಸ ಮುಗಿದ ಮೇಲೆ ಎಂಟನೆಯ ತರಗತಿಯ ಮಕ್ಕಳಿಗೆಲ್ಲ ಒಂದು ಪ್ರಬಂಧ ಬರೆಯಲು ಹೇಳಿದರು: ‘ನಾನು ಕಂಡ ಐತಿಹಾಸಿಕ ಸ್ಥಳ’. ಮಗಳು ಗ್ರಂಥಾಲಯದ ಪುಸ್ತಕ ತಂದು, ಸ್ಪೇನ್ ದೇಶದ ಕಾರ್ಡೋಬಾ ನಗರದ ಮಸೀದಿಯ ಬಗ್ಗೆ ಎರಡು ಪುಟ ಬರೆದಳು. ಎಂಟನೆಯ ಶತಮಾನದಲ್ಲಿ ಕಟ್ಟಲು ಆರಂಭಿಸಿದ್ದು, 1236ರಲ್ಲಿ ಚರ್ಚ್ ಆದದ್ದು, ಕೆಂಪು-ಬಿಳಿ ಪಟ್ಟೆಯ ಕಮಾನುಗಳ ಕಾಡಿನಂಥ ಸಾಲು, ಎಲ್ಲವೂ ಅದರಲ್ಲಿತ್ತು.

‘ಇದನ್ನ ನೀ ಎಲ್ಲಿ ಕಂಡಿ?’ ಎಂದೆ.

‘ಪುಸ್ತಕದಾಗ ಕಂಡೀನಲ್ಲಪ್ಪಾ’ ಎಂದಳು.

ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ‘ಕಾರ್ಡೋಬಾದಂಥದೇ ಮಸೀದಿ ನಮ್ಮ ಕೋಟೆಯಾಗ ಅದ ಅಂತಾರ. ಭಾನುವಾರ ಹೋಗೋಣು’ ಎಂದುಬಿಟ್ಟೆ.

‘ನೀವರೆ ಒಳಗ ಹೋಗಿ ನೋಡೀರೇನು?’ ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. ಕಾಲೇಜು ದಿನಗಳ ನಂತರ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಮಲಾಪುರದಿಂದ ತಂಗಿಯ ಮಗನೂ ಬಂದಿಳಿದ. ಆರನೆಯ ತರಗತಿಯ ಹುಡುಗ. ಅವನ ಚೀಲದಲ್ಲಿ ಅವರೂರಿನ ಹೆಸರಾಂತ ಕೆಂಪು ಬಾಳೆಹಣ್ಣು, ನಮ್ಮ ಚೀಲದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮೂವರೂ ಆಟೋ ಹತ್ತಿದೆವು.

ಕೋಟೆಯ ಕಂದಕ ದಾಟಿ ಒಳಗೆ ಹೋದರೆ ಜಾಮಿ ಮಸೀದಿ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಇಪ್ಪತ್ತು ವರ್ಷಗಳ ನಂತರ, 1367ರಲ್ಲಿ ಈ ಮಸೀದಿ ಎದ್ದಿತು. ಮಗಳು ಒಳಗೆ ಕಾಲಿಟ್ಟವಳೇ ಸುಮ್ಮನೆ ನಿಂತುಬಿಟ್ಟಳು. ಯಾವ ಕಡೆ ನೋಡಿದರೂ ಕಮಾನಿನ ಹಿಂದೆ ಕಮಾನು. ಗಿಡ್ಡ ಕಂಬಗಳು, ಅವುಗಳ ಮೇಲೆ ಅಗಲವಾಗಿ ಬಾಗಿದ ಬಿಳಿಯ ಕಮಾನುಗಳು, ಪಕ್ಕದ ಗೋಡೆಯ ಬಾಯಿಗಳಿಂದ ನೆಲಕ್ಕೆ ಬಿದ್ದ ಬೆಳಕು. ಹೊರಗೆ ಮೈಸುಡುವ ಬಿಸಿಲು, ಒಳಗೆ ತಂಪು.

ಸ್ವಲ್ಪ ಹೊತ್ತಿನ ಮೇಲೆ ತಕರಾರು ತೆಗೆದಳು. ‘ಅಪ್ಪಾ, ಇದು ಕಾರ್ಡೋಬಾದಂಗ ಇಲ್ಲ. ಅಲ್ಲಿ ಕಿತ್ತಳೆ ಗಿಡದ ಅಂಗಳ ಅದ. ಇಲ್ಲಿ ಅಂಗಳಾನೇ ಇಲ್ಲ.’

ನಿಜ. ಮಸೀದಿ ಎಂದರೆ ನಡುವೆ ಬಯಲು ಅಂಗಳ ಇರುವುದು ವಾಡಿಕೆ. ನಮ್ಮದರ ವಿಶೇಷವೇ ಅದು ಪೂರ್ತಿ ಮುಚ್ಚಿದ್ದು: 216 ಅಡಿ ಉದ್ದ, 176 ಅಡಿ ಅಗಲ, ಮೇಲೆ ಒಂದು ದೊಡ್ಡ ಗುಮ್ಮಟ, ಮೂಲೆಗೊಂದರಂತೆ ನಾಲ್ಕು, ಉಳಿದಂತೆ ಸಣ್ಣ ಗುಮ್ಮಟಗಳ ಸಾಲು. ಇಲ್ಲಿನ ಶಾಸನ ಹೇಳುವ ಹೆಸರು ಇರಾನಿನ ಕಜ್ವೀನ್ ಊರಿನ ರಫಿ ಎಂಬಾತನದು. ಸ್ಪೇನಿನ ಹೋಲಿಕೆ ಊರಿನ ಬಾಯಿಮಾತು. ಹೋಲಿಕೆ ಹುಡುಕಲು ಹೋದವಳು ವ್ಯತ್ಯಾಸ ಕಂಡುಹಿಡಿದಳಲ್ಲ, ನನಗೆ ಒಳಗೊಳಗೇ ಹೆಮ್ಮೆ.

ಅಳಿಯನಿಗೆ ತೋಪಿನದೇ ಧ್ಯಾನ. ಕೋಟೆಯ ಬುರುಜಿನ ಮೇಲಿರುವ 29 ಅಡಿಯ ತೋಪನ್ನು ಅವನು ಹೆಜ್ಜೆ ಹಾಕಿ ಅಳೆದ. ‘ಹದಿನೈದು ಹೆಜ್ಜಿ, ಮಾಮಾ!’ ಅಲ್ಲಿನ ಕಲ್ಲುಗೋಡೆಯ ಮೇಲೆ ಯಾರೋ ಹೃದಯದ ಚಿತ್ರ ಕೆತ್ತಿ ಎರಡು ಹೆಸರು ಬರೆದಿದ್ದರು. ನಾನು ಬಿಡುತ್ತೇನೆಯೇ? ಒಂದು ಭಾಷಣವನ್ನೇ ಬಿಗಿದೆ. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದೆ. ಮಕ್ಕಳು ಬೆರಗಾಗಿ ಕೇಳಿದರು.

ಅಲ್ಲಿಂದ ಖ್ವಾಜಾ ಬಂದೇ ನವಾಜ್ ದರ್ಗಾಕ್ಕೆ ಹೋಗಿ ಕೈಮುಗಿದು, ನೆರಳಿನಲ್ಲಿ ರೊಟ್ಟಿ, ಬಾಳೆಹಣ್ಣು ತಿಂದೆವು. ಮುಂದೆ ಹಫ್ತ್ ಗುಂಬಜ್. ಅದರ ಹೆಸರು ಬಂದ ಕೂಡಲೇ ನನ್ನ ಹೊಟ್ಟೆಯಲ್ಲಿ ತಳಮಳ. ‘ಬಿಸಿಲು ಏರ್ಯದ, ಮನಿಗಿ ಹೋಗೋಣು’ ಎಂದು ನೋಡಿದೆ. ಬಿಸಿಲಿನ ನೆಪ ಈ ಸಲ ನಡೆಯಲಿಲ್ಲ.

ಹಫ್ತ್ ಎಂದರೆ ಏಳು. ಬಹಮನಿ ಅರಸು ಮನೆತನದವರ ಗೋರಿಗಳ ಮೇಲೆ ಎದ್ದ ಗುಮ್ಮಟಗಳು ಇವು. ಮುಜಾಹಿದ್ ಷಾ 1378ರಲ್ಲಿ ಕೊಲೆಯಾದ. ಅವನ ನಂತರ ಪಟ್ಟವೇರಿದ ಚಿಕ್ಕಪ್ಪ ದಾವೂದ್ ಕೆಲವೇ ವಾರಗಳಲ್ಲಿ ತಾನೂ ಕೊಲೆಯಾದ. ಈಗ ಇಬ್ಬರೂ ಒಂದೇ ಆವರಣದಲ್ಲಿ ಮಲಗಿದ್ದಾರೆ. 1422ರಲ್ಲಿ ತೀರಿಕೊಂಡ ಫಿರೋಜ್ ಷಾನದು ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು. ಗೋಡೆಯ ಗಾರೆಯ ಕುಸುರಿಯನ್ನು ಮಕ್ಕಳು ಕತ್ತೆತ್ತಿ ನೋಡುತ್ತಿದ್ದರೆ, ನಾನು ಬಾಗಿಲ ಪಕ್ಕದ ಒಂದು ಮೂಲೆಗೆ ಬೆನ್ನು ಕೊಟ್ಟು ನಿಂತಿದ್ದೆ.

‘ಮಾಮಾ, ಸ್ವಲ್ಪ ಸರೀರಿ’ ಎಂದ ಅಳಿಯ. ಗೀಚಿದ ಹೆಸರುಗಳನ್ನು ಓದುವುದೇ ಅವನಿಗೆ ಆಟವಾಗಿತ್ತು. ‘ಇಲ್ಲಿ ನಿಮ್ಮ ಹೆಸರು ಅದ! 1996!’

ಅಂಥ ಹೆಸರಿನವರು ಊರಲ್ಲಿ ನೂರು ಜನ ಇದ್ದಾರೆ ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಮಗಳು ನನ್ನನ್ನೇ ನೋಡುತ್ತಿದ್ದಳು. ನನ್ನ ಅಕ್ಷರ ಅವಳಿಗೆ ಚೆನ್ನಾಗಿ ಗೊತ್ತು.

‘ನಾನೇ ಬರ್ದದ್ದು. ಸೈಕಲ್ ಕೀಲಿ ತಗೊಂಡು’ ಎಂದೆ.

ಪಿಯುಸಿ ಮುಗಿಸಿದ ದಿನ ನಾಲ್ವರು ಗೆಳೆಯರು ಬಂದಿದ್ದೆವು. ಯಾವ ಅರಸನ ಗೋರಿ ಎಂದು ಕೂಡ ಕೇಳಿರಲಿಲ್ಲ. ನಾವು ಬಂದದ್ದು ಗೋಡೆಗೆ ಗೊತ್ತಾಗಲಿ ಎಂಬುದಷ್ಟೇ ನಮ್ಮ ಆಸೆ.

‘ಅಳಸ್ಲಿಕ್ಕಿ ಬರಲ್ಲೇನಪ್ಪಾ?’ ಎಂದು ಮಗಳು ಮೆಲ್ಲಗೆ ಕೇಳಿದಳು.

ಬರುವುದಿಲ್ಲ. ಅದು ಸುಣ್ಣದ ಗಾರೆ. ಉಜ್ಜಿದರೆ ಹೆಸರಿನ ಜೊತೆ ಸುತ್ತಲಿನ ಗಾರೆಯೂ ಉದುರುತ್ತದೆ. ಬರೆಯಲು ಒಂದು ನಿಮಿಷ ಸಾಕಾಗಿತ್ತು. ತೆಗೆಯಲು ಅದರ ಕಸುಬು ಬಲ್ಲವರೇ ಬೇಕು. ಇಷ್ಟನ್ನು ಅವಳಿಗೆ ಹೇಳಿದೆ. ಮಾತು ಶುರುವಾಗಿಬಿಟ್ಟಿತ್ತಲ್ಲ, ಹಂಪಿಗೆ ಕಳಿಸದಿದ್ದದ್ದು ಬಿಸಿಲಿಗಲ್ಲ, ದುಡ್ಡಿಲ್ಲದ್ದಕ್ಕೆ ಎಂಬುದನ್ನೂ ಹೇಳಿಬಿಟ್ಟೆ.

‘ಅದು ನನಗ ಗೊತ್ತಿತ್ತು’ ಎಂದಳು.

ಆ ರಾತ್ರಿ ಕಾರ್ಡೋಬಾದ ಎರಡು ಪುಟ ಹರಿದು ಹೊಸದಾಗಿ ಬರೆಯಲು ಕುಳಿತಳು. ಮಸೀದಿ, ಬೆಳಕು, ತೋಪಿನ ಹದಿನೈದು ಹೆಜ್ಜೆ ಎಲ್ಲ ಆದ ಮೇಲೆ ಪೆನ್ನು ನಿಂತಿತು. ‘ಅಪ್ಪಾ, ಗೋಡಿ ಮ್ಯಾಗಿನ ಹೆಸರಿಂದೂ ಬರೀಲೇನು?’

ಒಂದು ಗಳಿಗೆ ಸುಮ್ಮನಿದ್ದೆ. ಅವಳ ಶಿಕ್ಷಕರು ಓದುತ್ತಾರೆ, ತರಗತಿಯ ಮಕ್ಕಳು ನಗುತ್ತಾರೆ. ಆದರೆ ಅವಳು ‘ಕಂಡ’ದ್ದರಲ್ಲಿ ಅದೂ ಒಂದಲ್ಲವೇ?

‘ಬರಿ’ ಎಂದೆ.

ತಂದೆತಾಯಿಗಳಲ್ಲಿ ನನ್ನದೊಂದು ಮಾತು. ಮಕ್ಕಳಿಗೆ ದೂರದ ಊರು ತೋರಿಸಲು ಆಗದಿದ್ದರೆ ಕೊರಗಬೇಡಿ, ನೆಪವನ್ನೂ ಹೇಳಬೇಡಿ. ನಿಮ್ಮೂರಿನ ಹಳೆಯ ಗೋಡೆಯೊಂದರ ಮುಂದೆ ಅವರ ಜೊತೆ ಹೋಗಿ ನಿಲ್ಲಿ. ವಿದ್ಯಾರ್ಥಿಗಳೇ, ಹೆಸರು ಬರೆಯುವ ಆಸೆಯಾದರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗೋಡೆಯ ಮೇಲೆ ಬರೆದದ್ದನ್ನು ಒಂದು ದಿನ ನಿಮ್ಮ ಮಕ್ಕಳೇ ಓದುತ್ತಾರೆ.