ದಾದಾನ ಬಾಕಿ ಪುಸ್ತಕ

ಮಕ್ಕಳೇ, ಮುಸ್ಲಿಮರಿಗೆ ದಿನಕ್ಕೆ ಐದು ಹೊತ್ತು ನಮಾಜ್ ಕಡ್ಡಾಯ ಎಂಬುದು ನಿಮಗೆ ಗೊತ್ತಿರಬಹುದು. ನಸುಕಿನಲ್ಲಿ ಫಜ್ರ್, ಮಧ್ಯಾಹ್ನ ಝುಹರ್, ಇಳಿಹೊತ್ತಿನಲ್ಲಿ ಅಸರ್, ಹೊತ್ತು ಮುಳುಗಿದ ಕೂಡಲೇ ಮಗ್ರಿಬ್, ರಾತ್ರಿ ಇಶಾ. ನಿಂತು, ಬಾಗಿ, ಹಣೆಯನ್ನು ನೆಲಕ್ಕಿಡುವ ಒಂದು ಸುತ್ತಿಗೆ ರಕಾತ್ ಎನ್ನುತ್ತಾರೆ. ಕಡ್ಡಾಯದ ರಕಾತ್‌ಗಳು ಕ್ರಮವಾಗಿ 2, 4, 4, 3, 4, ಒಟ್ಟು 17. ಹೊತ್ತು ಮೀರಿದ ನಮಾಜನ್ನು ಆಮೇಲೆ ಮಾಡಿ ತೀರಿಸುವುದಕ್ಕೆ ಖಜಾ ಎಂದು ಹೆಸರು.

ಪ್ರವಾದಿ ಮುಹಮ್ಮದರ ಬದುಕಿನಲ್ಲೇ ಇಂಥ ಸಂದರ್ಭ ಬಂದಿತ್ತು. ಖೈಬರ್‌ನಿಂದ ಮರಳುವಾಗ ರಾತ್ರಿ ಪಯಣದಿಂದ ಎಲ್ಲರೂ ದಣಿದಿದ್ದರು. ಫಜ್ರ್‌ಗೆ ಎಬ್ಬಿಸುವ ಹೊಣೆ ಬಿಲಾಲರದು. ಅವರೂ ಒಂಟೆಗೆ ಒರಗಿ ನಿದ್ದೆಹೋದರು. ಬಿಸಿಲು ಮೈಗೆ ತಾಗಿದಾಗಲೇ ಎಚ್ಚರ! ಪ್ರವಾದಿಯವರು ಎಲ್ಲರನ್ನೂ ಸ್ವಲ್ಪ ಮುಂದೆ ಕರೆದೊಯ್ದು, ವುಝೂ ಮಾಡಿ, ಫಜ್ರ್ ನಮಾಜ್ ಮಾಡಿಸಿದರು. ಮರೆತವರು ನೆನಪಾದಾಗ ಮಾಡಲಿ ಎಂದೂ ತಿಳಿಸಿದರು. 627ರ ಕಂದಕ ಯುದ್ಧದಲ್ಲಿ ಅಸರ್ ತಪ್ಪಿದಾಗ, ಹೊತ್ತು ಮುಳುಗಿದ ಮೇಲೆ ಮೊದಲು ಅಸರ್, ಆಮೇಲೆ ಮಗ್ರಿಬ್ ಮಾಡಿದರು.

ನಮ್ಮ ಯಜಮಾನರು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಪ್ರಾಯದಲ್ಲಿ ಒಲೆಯ ಮುಂದೆ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೆ ಒಂದು ದಿನ ಕುಳಿತು ಲೆಕ್ಕ ಹಾಕಿದರು. ಐದು ವರ್ಷದ್ದಾದರೂ ಬಾಕಿ ಇರಬೇಕು ಎಂದರು. ವರ್ಷಕ್ಕೆ 365 ದಿನ, ದಿನಕ್ಕೆ 5 ಎಂದರೆ 9,125 ನಮಾಜ್! ಕೇಳಿ ನನಗೇ ಎದೆ ಝಲ್ಲೆಂದಿತು.

"ಗಾಬರಿ ಏಕೆ? ಇವತ್ತಿನ ಒಂದು ಫಜ್ರ್ ಜೊತೆ ಹಳೆಯದೊಂದು ಫಜ್ರ್. ಹಾಗೇ ಐದೂ. ಐದು ವರ್ಷದ ಬಾಕಿ ಐದು ವರ್ಷದಲ್ಲಿ ತೀರುತ್ತದೆ" ಎಂದರು.

ನೋಟ್‌ಬುಕ್ಕಿನಲ್ಲಿ ಐದು ಸಾಲು ಗೆರೆ ಎಳೆದರು. ನಮ್ಮದು ಹನಫಿ ಪದ್ಧತಿ. ಇಶಾ ಜೊತೆಗಿನ 3 ರಕಾತ್ ವಿತ್ರ್ ಅನ್ನೂ ತೀರಿಸಬೇಕು. ಆಗ ದಿನದ ಬಾಕಿ 20 ರಕಾತ್ ಆಗುತ್ತದೆ. ಸೂರ್ಯ ಹುಟ್ಟುವಾಗ, ನೆತ್ತಿಯ ಮೇಲಿದ್ದಾಗ, ಮುಳುಗುವಾಗ ಖಜಾ ಮಾಡುವುದಿಲ್ಲ. ಯಾವ ದಿನದ ನಮಾಜ್ ಎಂದು ನೆನಪಿಲ್ಲದವರು 'ನನ್ನ ಮೇಲಿರುವ ಮೊದಲನೆಯ ಫಜ್ರ್' ಎಂದು ಮನಸ್ಸಿನಲ್ಲಿ ಸಂಕಲ್ಪ ಮಾಡಿಕೊಂಡರೆ ಸಾಕು. ಅದು ತೀರಿದರೆ ಮುಂದಿನದು ಮೊದಲನೆಯದಾಗುತ್ತದೆ.

ಎರಡು ವರ್ಷ ಚೆನ್ನಾಗಿ ನಡೆಯಿತು. ಕಳೆದ ಮಳೆಗಾಲದಲ್ಲಿ ಅವರು ಅಂಗಳದಲ್ಲಿ ಜಾರಿ ಬಿದ್ದರು. ಮಂಡಿ ಮಡಚಬಾರದು ಎಂದು ಡಾಕ್ಟರು ಹೇಳಿದರು. ಆ ರಾತ್ರಿ ಅವರು ನೋಟ್‌ಬುಕ್ಕನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು.

ಮೂರನೇ ತರಗತಿಯ ಮೊಮ್ಮಗ ಹತ್ತಿರ ಹೋಗಿ, "ದಾದಾ, ಉಳಿದದ್ದನ್ನು ನಾನು ಮಾಡಿಬಿಡಲಾ? ನನಗೆ ಕಾಲು ನೋಯುವುದಿಲ್ಲ" ಎಂದ.

ಅವರು ನಕ್ಕರು. "ಬೇಟಾ, ನನ್ನ ಹಸಿವಿಗೆ ನೀನು ಉಣ್ಣೋಕಾಗುತ್ತಾ? ನನ್ನ ನಮಾಜ್ ನಾನೇ ಮಾಡಬೇಕು. ನಿಲ್ಲಲಾಗದವರು ಕುಳಿತು ಮಾಡಬಹುದು, ಕೂರಲಾಗದವರು ಮಲಗಿ ತಲೆಯ ಸನ್ನೆಯಲ್ಲಿ ಮಾಡಬಹುದು. ನೀನು ಆ ಕುರ್ಚಿ ಕೊಡು."

"ಮುಗಿಯದಿದ್ದರೆ?"

ನಾನು ಕೇಳಲು ಹೆದರಿದ್ದ ಮಾತನ್ನು ಮಗು ಕೇಳಿಬಿಟ್ಟಿತ್ತು.

"ಮುಗಿಸುವವನು ಅಲ್ಲಾಹ್. ಇವತ್ತಿನ ಐದು ಮಾತ್ರ ನನ್ನ ಕೈಲಿವೆ" ಎಂದು ಅವರು ಕುರ್ಚಿಯಲ್ಲಿ ಕುಳಿತು ಕೈಕಟ್ಟಿದರು.

ಈಗ ಗುರುತು ಹಾಕುವ ಕೆಲಸ ಮೊಮ್ಮಗನದು. ಪೆನ್ಸಿಲ್ ಚೂಪು ಮಾಡಿಟ್ಟುಕೊಂಡು ಪಕ್ಕದಲ್ಲೇ ಕಾಯುತ್ತಾನೆ. ದಾದಾ ಸಲಾಮ್ ಹೇಳಿ ಮುಗಿಸುವ ಮೊದಲು ಗೆರೆ ಎಳೆಯುವುದಿಲ್ಲ.