ಮುದ್ದಿನ ಮಾತೂ ಮುಳ್ಳಾದಾಗ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ ಹಿರಿಯರು. ಸರಿ, ಆದರೆ ಆಡಿದ ಮಾತು ಮುದ್ದೋ ಬೈಗುಳವೋ ಎಂದು ತೀರ್ಮಾನಿಸುವವರು ಯಾರು? ಆಡಿದವರೇ, ಕೇಳಿದವರೇ? ಸ್ಪ್ಯಾನಿಷ್ ಭಾಷೆಯ ಒಂದು ಪುಟ್ಟ ಪದ ಈ ಪ್ರಶ್ನೆಯನ್ನು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಮುಂದೆ ಎರಡು ಸಲ ತಂದು ನಿಲ್ಲಿಸಿತು.

ಸ್ಪ್ಯಾನಿಷ್ ಆಡುವ ನಾಡುಗಳಲ್ಲಿ ಇಂಥ ಪದಗಳಿಗೆ ಬರವಿಲ್ಲ. ಅರ್ಜೆಂಟೀನಾದಲ್ಲಿ ಗಂಡ ಹೆಂಡತಿಯನ್ನು 'ಗೋರ್ದಾ' ಎಂದು ಕರೆಯುವುದುಂಟು. ಅಂದರೆ ದಪ್ಪಗಿರುವವಳು. ಆಕೆ ಕಡ್ಡಿಯಂತಿದ್ದರೂ ಸರಿಯೆ! ತಾಯಿ ಮಗುವನ್ನು 'ಗೋರ್ದೀತೊ' ಎಂದು ಎತ್ತಿಕೊಳ್ಳುತ್ತಾಳೆ. ಪದದ ಕೊನೆಗೆ 'ಈತೊ' ಸೇರಿತೆಂದರೆ ಅದು ಪುಟ್ಟದಾಗುತ್ತದೆ, ಮುದ್ದಾಗುತ್ತದೆ. ಮೆಕ್ಸಿಕೊದ ಹುಡುಗರು ಮಾತಿಗೊಮ್ಮೆ ಗೆಳೆಯನನ್ನು 'ಗ್ವೇಯ್' ಎನ್ನುತ್ತಾರೆ. ಎತ್ತು ಎಂಬರ್ಥದ 'ಬ್ವೇಯ್' ಪದದಿಂದ ಬಂದದ್ದು ಇದು. ಪೆದ್ದ ಎಂಬ ಬೈಗುಳ ಸವೆದು ಸವೆದು ಈಗ 'ಮಾರಾಯ' ಎಂಬಷ್ಟು ಹಗುರಾಗಿದೆ. ಆದರೂ ಅದೇ ಹುಡುಗ ಮೇಷ್ಟರ ಮುಂದೆ ನಾಲಿಗೆ ಬಿಗಿಹಿಡಿಯುತ್ತಾನೆ. ಗುರುತಿಲ್ಲದವನಿಗೆ ಸಿಟ್ಟಿನಲ್ಲಿ ಅಂದರೆ ಜಗಳಕ್ಕೆ ಅಷ್ಟೇ ಸಾಕು.

ಇಂಥದೇ ಇನ್ನೊಂದು ಪದ 'ನೇಗ್ರೊ'. ಅರ್ಥ ಕಪ್ಪು. ಉರುಗ್ವೆಯಲ್ಲಿ ಬಿಳಿಯ ಗೆಳೆಯನನ್ನೂ ಸಲುಗೆಯಿಂದ ಹೀಗೆ ಕರೆಯುತ್ತಾರೆ. ಆ ದೇಶದ ಸಾಲ್ಟೊ ಎಂಬ ಊರಿನಲ್ಲಿ 1987ರಲ್ಲಿ, ಮೂರು ವಾರಗಳ ಅಂತರದಲ್ಲಿ, ಇಬ್ಬರು ಹುಡುಗರು ಹುಟ್ಟಿದರು: ಲೂಯಿಸ್ ಸುವಾರೆಜ್ ಮತ್ತು ಎಡಿನ್‌ಸನ್ ಕವಾನಿ. ಇಬ್ಬರೂ ಹೆಸರಾಂತ ಆಟಗಾರರಾದರು. ಇಬ್ಬರೂ ಇಂಗ್ಲೆಂಡಿಗೆ ಹೋಗಿ ಆಡಿದರು.

2011ರ ಅಕ್ಟೋಬರ್. ಲಿವರ್‌ಪೂಲ್ ಪರ ಆಡುತ್ತಿದ್ದ ಸುವಾರೆಜ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಕಪ್ಪು ವರ್ಣದ ಆಟಗಾರ ಪ್ಯಾಟ್ರಿಸ್ ಎವ್ರಾ ಜೊತೆ ಮೈದಾನದಲ್ಲೇ ಜಗಳಕ್ಕೆ ನಿಂತರು. ಆಗ ಆ ಪದ ಬಾಯಿಂದ ಬಂತು. ನಮ್ಮ ಕಡೆ ಇದು ಸ್ನೇಹದ ಮಾತು ಎಂಬುದು ಸುವಾರೆಜ್ ವಾದ. ವಿಚಾರಣೆ ನಡೆಸಿದವರು ಭಾಷಾತಜ್ಞರ ಅಭಿಪ್ರಾಯವನ್ನೂ ಪಡೆದರು. ಗೆಳೆಯರ ನಡುವೆ ಸಲುಗೆಯಾಗುವ ಪದ, ಜಗಳದ ನಡುವೆ ಅವಮಾನವೇ ಎಂದಾಯಿತು. 8 ಪಂದ್ಯಗಳ ನಿಷೇಧ, 40 ಸಾವಿರ ಪೌಂಡ್ ದಂಡ.

2020ರ ನವೆಂಬರ್. ಸೌತಾಂಪ್ಟನ್ ವಿರುದ್ಧ ಎರಡು ಗೋಲು ಹೊಡೆದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಗೆಲ್ಲಿಸಿದ ಕವಾನಿಗೆ ಇನ್‌ಸ್ಟಾಗ್ರಾಂನಲ್ಲಿ ಗೆಳೆಯನೊಬ್ಬನ ಅಭಿನಂದನೆ ಬಂತು. 'ಗ್ರಾಸಿಯಾಸ್ ನೆಗ್ರೀತೊ' ಎಂದು ಉತ್ತರಿಸಿದರು. 'ಥ್ಯಾಂಕ್ಸ್ ಕಣೋ' ಎಂಬ ಧಾಟಿ. ಇಲ್ಲಿ ಜಗಳವಿರಲಿಲ್ಲ, ಸಿಟ್ಟಿರಲಿಲ್ಲ. ಆದರೆ ಗೆಳೆಯನಿಗೆ ಬರೆದದ್ದನ್ನು ಊರೆಲ್ಲ ಓದಿತು. ಬರೆದದ್ದನ್ನು ಅಳಿಸಿ ಕ್ಷಮೆ ಕೇಳಿದರೂ 3 ಪಂದ್ಯಗಳ ನಿಷೇಧ, 1 ಲಕ್ಷ ಪೌಂಡ್ ದಂಡ ತಪ್ಪಲಿಲ್ಲ. ಇದು ನಮ್ಮ ಭಾಷೆಯನ್ನು ಅರಿಯದವರ ತೀರ್ಪು ಎಂದು ಉರುಗ್ವೆಯ ಸಾಹಿತ್ಯ ಅಕಾಡೆಮಿ ಪ್ರತಿಭಟಿಸಿತು. ಕವಾನಿ ತೀರ್ಪನ್ನು ಒಪ್ಪದೆಯೂ ಶಿಕ್ಷೆಗೆ ತಲೆಬಾಗಿದರು.

ಒಂದೇ ಊರು, ಒಂದೇ ಭಾಷೆ. ಆದರೂ ಎರಡು ಪ್ರಸಂಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕವಾನಿಗೆ ಅನ್ಯಾಯವಾಯಿತು ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಇನ್ನೊಂದು ಸತ್ಯವೂ ಉಂಟು. ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಹೊತ್ತು ತಂದ ಹಡಗುಗಳು ಒಂದು ಕಾಲಕ್ಕೆ ಉರುಗ್ವೆಯ ಮಾಂಟೆವಿಡಿಯೊ ಬಂದರಿನಲ್ಲೂ ಲಂಗರು ಹಾಕಿದ್ದವು. ಅವರ ಸಂತತಿಯವರು ಇಂದಿಗೂ ಅಲ್ಲಿದ್ದಾರೆ. ಬಿಳಿಯ ಗೆಳೆಯನಿಗೆ ಗುಲಗಂಜಿಯಷ್ಟು ಹಗುರವಾದ ಪದ ಅವರ ಕಿವಿಗೂ ಅಷ್ಟೇ ಹಗುರವೆಂದು ಹೇಳುವುದು ಹೇಗೆ?

ಹೊಸ ಭಾಷೆ ಕಲಿಯುವ ಹುಡುಗರ ಬಾಯಿಗೆ ಸಿನಿಮಾ ನೋಡಿ ಮೊದಲು ಹತ್ತುವುದು ಇಂಥ ಪದಗಳೇ. ಕಲಿಯಲಿ, ಕಲಿತರೆ ತಪ್ಪೇನಿಲ್ಲ. ಆದರೆ ನಿಘಂಟು ಅರ್ಥವನ್ನಷ್ಟೇ ಕೊಡುತ್ತದೆ. ಸಲುಗೆಯನ್ನು ನಾವೇ ಸಂಪಾದಿಸಬೇಕು. ಅದು ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ಎದುರಿಗಿರುವವರ ಮುಖ ನೋಡಿದರೆ ಸಾಕು.